ಹೋಮ್ ಫೈರ್ಸ್ ಡಿವಿಡಿ ಸೆಟ್: ಅಡುಗೆಮನೆಯಲ್ಲಿ ಗೆದ್ದು ಆಕಾಶದಲ್ಲಿ ಸೋತ ಸೀರಿಯಲ್

ಯುದ್ಧದ ಸಿನಿಮಾ ಹಾಕಿದರೆ ನಮ್ಮ ಮನೆಯಲ್ಲಿ ಮೊದಲು ಎದ್ದು ಹೋಗುವವರು ನಾನು ಮತ್ತು ಅವ್ವ. ಟ್ಯಾಂಕು, ಗುಂಡು, ಕೆಸರು, ಕೂಗಾಟ, ಸಾಕಪ್ಪ ಸಾಕು. ಆದರೆ ಗಂಡಸರು ಯುದ್ಧಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವರು ಏನು ಉಂಡರು, ಯಾರ ಕಾಗದಕ್ಕೆ ಕಾದರು, ಪಕ್ಕದ ಮನೆಯವರ ಜೊತೆ ಯಾವುದಕ್ಕೆ ಜಗಳ ಆಡಿದರು ಅನ್ನುವ ಸೀರಿಯಲ್ ಇದ್ದರೆ ಮಾತ್ರ ಇಬ್ಬರೂ ಜಪ್ಪಯ್ಯ ಅಂದರೂ ಏಳುವುದಿಲ್ಲ. ‘ಹೋಮ್ ಫೈರ್ಸ್’ ಅಂಥದ್ದು. ಬ್ರಿಟನ್ನಿನ ಐಟಿವಿಯಲ್ಲಿ 2015 ಮತ್ತು 2016ರಲ್ಲಿ ಬಂತು. ಎರಡು ಸೀಸನ್, ಒಂದೊಂದರಲ್ಲಿ 6 ಕಂತು. ಮ್ಯಾಂಚೆಸ್ಟರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಬಳ್ಳಾರಿಗೆ ಬಂದಾಗ ಎರಡೂ ಸೀಸನ್ನಿನ ಡಿವಿಡಿ ತಂದುಕೊಟ್ಟ. ಚಾಕೊಲೇಟ್ ತರುತ್ತಾನೆ ಅಂದುಕೊಂಡಿದ್ದ ಮಕ್ಕಳು ಮುಖ ಸಿಂಡರಿಸಿದವು, ನಮಗಂತೂ ಖುಷಿಯಾಯಿತು.

ಮೊದಲು ಡಿಸ್ಕಿನ ವಿಷಯ ಮುಗಿಸಿಬಿಡುತ್ತೇನೆ. ತರಿಸಿಕೊಳ್ಳುವ ಮುಂಚೆ ಇದು ಗೊತ್ತಿರಲಿ. ಯಾವ ಡಿವಿಡಿ ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಅಂತ ಒಂದು ನಂಬರ್ ಇರುತ್ತದೆ, ಅದಕ್ಕೆ ರೀಜನ್ ಅನ್ನುತ್ತಾರೆ. ಬ್ರಿಟನ್ನಿನ ಡಿವಿಡಿಗಳು ರೀಜನ್ 2ರವು, ಇಂಡಿಯಾದ ಪ್ಲೇಯರುಗಳು ರೀಜನ್ 5. ಮಲ್ಟಿ ರೀಜನ್ ಪ್ಲೇಯರ್ ಇಲ್ಲದಿದ್ದರೆ ಪರದೆ ಮೇಲೆ ಬರೀ ಎಚ್ಚರಿಕೆಯ ಸಾಲು ಬರುತ್ತದೆ, ಚಿತ್ರ ಬರುವುದಿಲ್ಲ. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ರೀಜನ್ ಬದಲಾಯಿಸಬಹುದು, ಆದರೆ 5 ಸಲ ಮಾತ್ರ, ಆಮೇಲೆ ಕೊನೆಗೆ ಇಟ್ಟಿದ್ದೇ ಖಾಯಂ. ಸುಮ್ನೆ ಆಟ ಆಡಲು ಹೋಗಬೇಡಿ. ನಾವು ಬೆಂಗಳೂರು ರೋಡಿನ ಒಂದು ಅಂಗಡಿಯಲ್ಲಿ ಹಳೇ ಮಲ್ಟಿ ರೀಜನ್ ಪ್ಲೇಯರ್ ಹುಡುಕಿ ತಂದೆವು. ಅಂಗಡಿಯವರು “ಈಗ ಇದನ್ನ ಯಾರು ತಗೋತಾರೆ ಮೇಡಂ” ಅಂತ ನಗುತ್ತಲೇ ಅದರ ಧೂಳು ಒರೆಸಿ ಕೊಟ್ಟರು. ಒಂದು ಸಲ ಹಾಕಿದ ಮೇಲೆ ಚಿತ್ರ, ಧ್ವನಿ ಎರಡಕ್ಕೂ ತಕರಾರಿಲ್ಲ. ಕನ್ನಡ ಸಬ್‌ಟೈಟಲ್ ಇಲ್ಲ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ನಾನು ಪಕ್ಕದಲ್ಲಿ ಕೂತು ಹರಿಕಥೆ ದಾಸರ ಥರ ಹೇಳುತ್ತಾ ಹೋದೆ. ಅದರಿಂದ ಒಂದು ಲಾಭವೂ ಆಯಿತು. ಮಧ್ಯೆ ಮಧ್ಯೆ ನಿಲ್ಲಿಸಬೇಕಾದಾಗೆಲ್ಲ ಅವ್ವ ಏನಾದರೂ ಒಂದು ಮಾತು ಹೇಳುತ್ತಿದ್ದಳು, ಅರ್ಧ ವಿಮರ್ಶೆ ಅವಳದೇ.

ಕಥೆ ನಡೆಯುವುದು ಗ್ರೇಟ್ ಪ್ಯಾಕ್ಸ್‌ಫರ್ಡ್ ಅನ್ನುವ ಹಳ್ಳಿಯಲ್ಲಿ. ಚೆಶೈರ್ ಕಡೆಯ ಊರು, ಆದರೆ ನಿಜವಾಗಿ ಇಲ್ಲದ ಊರು. ಚಿತ್ರೀಕರಣ ಮಾಡಿದ್ದು ಅದೇ ಚೆಶೈರಿನ ಬನ್‌ಬರಿಯಲ್ಲಿ. 1939, ಎರಡನೇ ಮಹಾಯುದ್ಧ ಇನ್ನೇನು ಶುರುವಾಗಬೇಕು. ಊರಿನ ಹೆಂಗಸರ ಸಂಘ ಒಂದಿದೆ, ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅಂತ. ಇದು ಕಥೆಗಾಗಿ ಕಟ್ಟಿದ್ದಲ್ಲ, ನಿಜವಾದ ಸಂಸ್ಥೆ. 1897ರಲ್ಲಿ ಕೆನಡಾದಲ್ಲಿ ಶುರುವಾಗಿ 1915ರಲ್ಲಿ ಬ್ರಿಟನ್ನಿಗೆ ಬಂದದ್ದು, ಇವತ್ತಿಗೂ ಇದೆ. ಸಂಘದ ಅಧ್ಯಕ್ಷೆ ಜಾಯ್ಸ್ ಕ್ಯಾಮರನ್, ಯುದ್ಧ ಮುಗಿಯುವ ತನಕ ಸಂಘ ಮುಚ್ಚೋಣ ಅನ್ನುತ್ತಾಳೆ. ಫ್ರಾನ್ಸಿಸ್ ಬಾರ್ಡನ್ ಅನ್ನುವವಳು, ಮುಚ್ಚುವ ಮಾತೇ ಇಲ್ಲ, ಈಗಲೇ ಅಲ್ವಾ ಸಂಘ ಬೇಕಾಗಿರುವುದು ಅಂತ ಎದ್ದು ನಿಲ್ಲುತ್ತಾಳೆ. ಜಾಯ್ಸ್ ಆಗಿ ಫ್ರಾನ್ಸೆಸ್ಕಾ ಆನಿಸ್, ಫ್ರಾನ್ಸಿಸ್ ಆಗಿ ಸಮಾಂತಾ ಬಾಂಡ್. ಇಬ್ಬರೂ ಒಂದೇ ಕೋಣೆಗೆ ಬಂದರೆ ಸಾಕು, ಕುರ್ಚಿ ಎಳೆಯುವ ಸದ್ದಿನಲ್ಲೂ ಜಗಳ ಇರುತ್ತದೆ. ಅವ್ವ ಒಂದೇ ಕಂತಿನಲ್ಲಿ ತೀರ್ಪು ಕೊಟ್ಟಳು: “ಇದು ನಮ್ಮ ಓಣಿಯ ಸ್ತ್ರೀಶಕ್ತಿ ಸಂಘನೇ ಬಿಡು, ಟೊಪ್ಪಿಗಿ ಹಾಕ್ಕೊಂಡಾರ ಅಷ್ಟ.”

ಸಂಘದವರು ಮಾಡುವ ಮೊದಲ ದೊಡ್ಡ ಕೆಲಸ ಜಾಮ್. ಕೇಳಿದರೆ ನಗು ಬರಬಹುದು. ಅತ್ತ ಹಿಟ್ಲರ್ ಪೋಲೆಂಡಿಗೆ ನುಗ್ಗಿದ್ದಾನೆ, ಇತ್ತ ಇವರು ಬೇಲಿ ಮೇಲಿನ ಹಣ್ಣು ಕಿತ್ತು ಕುದಿಸುತ್ತಿದ್ದಾರೆ. ಆದರೆ ಲೆಕ್ಕ ಗೊತ್ತಾದ ಮೇಲೆ ನಗು ನಿಲ್ಲುತ್ತದೆ. ಬ್ರಿಟನ್ ತನ್ನ ಊಟದ ಬಹುಪಾಲನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದ ದೇಶ. ಆ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಹಾಗಿರುವಾಗ ಗಿಡದಲ್ಲೇ ಕೊಳೆತು ಬೀಳುವ ಹಣ್ಣನ್ನು ಚಳಿಗಾಲಕ್ಕೆ ಉಳಿಸುವುದು ಅಂದರೆ ಒಂದಿಷ್ಟು ಜಾಗ ಹಡಗಿನಲ್ಲಿ ಉಳಿಸಿದ ಹಾಗೆ. ಸರ್ಕಾರವೇ ಈ ಸಂಘಗಳಿಗೆ ಬೇರೆಯಾಗಿ ಸಕ್ಕರೆ ಕೊಟ್ಟು ಜಾಮ್ ಮಾಡಿಸಿತು. ಮಾಡಿದವರಿಗೆ ಅದು ಪುಕ್ಕಟೆ ಸಿಗುತ್ತಿರಲಿಲ್ಲ, ಎಲ್ಲ ರೇಷನ್ನಿನ ಲೆಕ್ಕಕ್ಕೇ ಹೋಗುತ್ತಿತ್ತು.

ಆ ರೇಷನ್ ಎಷ್ಟು ಅಂತ ಹೇಳಿದಾಗ ನಮ್ಮ ಮನೆಯಲ್ಲಿ ಸೀರಿಯಲ್ ನಿಂತೇಹೋಯಿತು. 1940ರ ಜನವರಿ 8ರಿಂದ ಅಲ್ಲಿ ತಲೆಗೆ ವಾರಕ್ಕೆ 12 ಔನ್ಸ್ ಸಕ್ಕರೆ, 4 ಔನ್ಸ್ ಬೆಣ್ಣೆ. ಔನ್ಸ್ ಅಂದರೆ ಅವ್ವನಿಗೆ ಏನೂ ಅಲ್ಲ. ನಾನು ಕೇಕ್ ಮಾಡಲು ಇಟ್ಟುಕೊಂಡಿರುವ ಸಣ್ಣ ತೂಕದ ಯಂತ್ರ ತಂದು, ಅದರ ಮೇಲೆ ಸ್ಟೀಲ್ ಬಟ್ಟಲಿಟ್ಟು 340 ಗ್ರಾಂ ಸಕ್ಕರೆ ಸುರಿದೆ. ಪರವಾಗಿಲ್ಲ ಅಂದಳು. ಆಮೇಲೆ ಆ ವರ್ಷವೇ ಅದು 8 ಔನ್ಸಿಗೆ ಇಳಿಯಿತು ಅಂತ ಹೇಳಿ ಮೂರನೇ ಒಂದು ಪಾಲು ವಾಪಸ್ ಡಬ್ಬಿಗೆ ಹಾಕಿದೆ. ಮುಖ ಗಂಟಿಕ್ಕಿದಳು. ಜುಲೈಯಿಂದ ಚಹಾಪುಡಿಗೂ ರೇಷನ್ ಬಂತು, ವಾರಕ್ಕೆ 2 ಔನ್ಸ್, ಅಂದರೆ 57 ಗ್ರಾಂ. ಆ ಪುಡಿ ಬಟ್ಟಲಿನ ತಳವನ್ನೂ ಪೂರ್ತಿ ಮುಚ್ಚಲಿಲ್ಲ. “ಇಷ್ಟ್ರಾಗ ಒಂದು ವಾರಾನಾ? ಮನೀಗೆ ಬಂದೋರಿಗೆ ಏನ್ ಕೊಡ್ತಿದ್ರು?” ಅಂದಳು. ಆಮೇಲೆ ಸೀರಿಯಲ್ಲಿನಲ್ಲಿ ಯಾರಾದರೂ ಯಾರಿಗಾದರೂ ಚಹಾ ಬಗ್ಗಿಸಿದರೆ ಅವ್ವನ ಕಣ್ಣು ಕಪ್ಪಿನ ಮೇಲೆ. ಯಾರ ಪಾಲಿನ ಪುಡಿ ಅದು ಅಂತ. ಆ ಚಹಾದಲ್ಲಿ ನಮ್ಮ ಅಸ್ಸಾಮಿನದ್ದೂ ಇತ್ತು ಅಂತ ಹೇಳಿದೆ. ಅದಕ್ಕೂ ಒಂದು ಮಾತು ಬಂತು, ಇಲ್ಲಿ ಬರೆಯುವ ಹಾಗಿಲ್ಲ.

ಮೊದಲ ಸೀಸನ್ ಚೆನ್ನಾಗಿರುವುದು ಇದರಿಂದಲೇ. ಯುದ್ಧ ಎಲ್ಲೋ ದೂರ ಇದೆ, ಆದರೆ ಅದರ ಲೆಕ್ಕ ಅಡುಗೆಮನೆಯಲ್ಲಿ ನಡೆಯುತ್ತದೆ. ಇದಕ್ಕೆ ಒಳ್ಳೆ ಉದಾಹರಣೆ ಮಿರಿಯಮ್ ಕಥೆ. ಗಂಡನಿಗೆ ಮಾಂಸದ ಅಂಗಡಿ, ಇರುವವನೊಬ್ಬ ಮಗ ಡೇವಿಡ್. 1939ರ ಸೆಪ್ಟೆಂಬರ್ 29ರಂದು ಇಡೀ ದೇಶದಲ್ಲಿ ಮನೆ ಮನೆಯವರ ಹೆಸರು ಬರೆಸಿಕೊಂಡರು. ಗುರುತಿನ ಚೀಟಿಯೂ ಅದರಿಂದಲೇ, ರೇಷನ್ ಪುಸ್ತಕವೂ ಅದರಿಂದಲೇ, ಸೈನ್ಯಕ್ಕೆ ಕರೆಯುವುದಕ್ಕೂ ಅದೇ ಪಟ್ಟಿ. ಮಿರಿಯಮ್ ಮಗನ ಹೆಸರನ್ನೇ ಬರೆಸುವುದಿಲ್ಲ. ಯೋಚನೆ ಮಾಡಿ. ಹೆಸರು ಬರೆಸಿದರೆ ಸಕ್ಕರೆ ಬರುತ್ತದೆ, ಹಿಂದೆಯೇ ಸೈನ್ಯದ ಓಲೆಯೂ ಬರುತ್ತದೆ. ಬರೆಸದಿದ್ದರೆ ಮಗ ಉಳಿಯಬಹುದು, ಆದರೆ ಸರ್ಕಾರದ ಲೆಕ್ಕದಲ್ಲಿ ಅವನು ಇಲ್ಲವೇ ಇಲ್ಲ. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಅಲೆದಾಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಲ್ಲಿ ಸೇರಿಸಲು ಒದ್ದಾಟ, ಅವಳಿಗೆ ಸೇರಿಸದೇ ಇರಲು. ಕೊನೆಗೆ ಆ ಹುಡುಗ ತಾನೇ ಹೊರಟು ನೌಕಾಪಡೆ ಸೇರುತ್ತಾನೆ. ಆಮೇಲೆ ಅವನು ಇಲ್ಲ ಅನ್ನುವ ಸುದ್ದಿ ಬಂದರೂ ತಾಯಿ ಒಪ್ಪುವುದಿಲ್ಲ. ಕ್ಲೇರ್ ಪ್ರೈಸ್ ಈ ಪಾತ್ರ ಮಾಡಿದ್ದಾಳೆ. ಅಳುವುದು ಕಡಿಮೆ, ಕೆಲಸ ಮಾಡುವುದು ಜಾಸ್ತಿ. ಅಳುವ ತಾಯಂದಿರನ್ನು ನೋಡಿ ನೋಡಿ ಬೇಸತ್ತ ನನಗೆ ಇದು ತುಂಬಾ ಹಿಡಿಸಿತು.

ಪ್ಯಾಟ್ ಸಿಮ್ಸ್ ಕಥೆಯೂ ಗಟ್ಟಿ. ಗಂಡ ಬರಹಗಾರ, ಹೊರಗೆ ಮರ್ಯಾದಸ್ಥ, ಬಾಗಿಲು ಹಾಕಿದರೆ ಹೊಡೆಯುವವನು. ಊರಿಗೆಲ್ಲ ಯುದ್ಧ ಬಂದರೆ ಭಯ, ಇವಳಿಗೆ ಯುದ್ಧದಿಂದ ಗಂಡ ದೂರ ಹೋದರೆ ಉಸಿರು. ಎರಡನೇ ಸೀಸನ್ನಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸವೂ ಸಿಗುತ್ತದೆ. ಟೀಚರ್ ತೆರೇಸಾಳ ಕಥೆಯಲ್ಲಿ ನನಗೆ ಗೊತ್ತಿಲ್ಲದ ಒಂದು ಸಂಗತಿ ತಿಳಿಯಿತು. ಆಗ ಅಲ್ಲಿ ಮದುವೆಯಾದ ಹೆಂಗಸು ಟೀಚರ್ ಕೆಲಸ ಬಿಡಬೇಕಾಗುತ್ತಿತ್ತು. ಆ ನಿಯಮ ತೆಗೆದದ್ದು 1944ರ ಶಿಕ್ಷಣ ಕಾಯ್ದೆ. ನಮ್ಮ ಊರಲ್ಲಿ ಟೀಚರ್ ನೌಕರಿ ಇದ್ದರೆ ಗಂಡಿನ ಕಡೆಯವರೇ ಓಡಿ ಬರುತ್ತಾರೆ. ಉಳಿದವರ ಕಥೆ ಸುಮಾರು. ಡಾಕ್ಟರ ಹೆಣ್ಣುಮಕ್ಕಳ ಪ್ರೇಮ ಪ್ರಕರಣಗಳು ಬಂದಾಗೆಲ್ಲ ಅವ್ವ ಒಗ್ಗರಣೆ ನೋಡಿ ಬರುತ್ತೇನೆ ಅಂತ ಎದ್ದು ಹೋಗುತ್ತಿದ್ದಳು.

ಎರಡನೇ ಸೀಸನ್ನಿಗೆ ಬಂದಾಗ ಏನೋ ಆಗುತ್ತದೆ. 1940ರ ಬೇಸಿಗೆ, ಆಕಾಶದಲ್ಲಿ ಬ್ಯಾಟಲ್ ಆಫ್ ಬ್ರಿಟನ್, ಅಂದರೆ ಜರ್ಮನಿ ಮತ್ತು ಬ್ರಿಟನ್ ವಿಮಾನಗಳ ಕಾಳಗ. ಇಲ್ಲಿವರೆಗೆ ಸಕ್ಕರೆ, ಕಾಗದ, ಬಾಗಿಲು ಬಡಿಯುವ ಪೋಸ್ಟ್‌ಮ್ಯಾನ್ ಇವುಗಳಲ್ಲಿ ಸಾಗುತ್ತಿದ್ದ ಕಥೆಗೆ ಇದ್ದಕ್ಕಿದ್ದಂತೆ ಸಾಲದು ಅನ್ನಿಸಿಬಿಟ್ಟಿದೆ. ಗಂಡನ ಗುಟ್ಟಿನ ಸಂಸಾರ, ಚೆಕ್ ಸೈನಿಕನ ಜೊತೆ ಪ್ರೀತಿ, ಫ್ಯಾಕ್ಟರಿಯ ಗೋಲ್‌ಮಾಲ್, ಒಂದರ ಹಿಂದೆ ಒಂದು. ಒಂದೊಂದೂ ಬಿಡಿಯಾಗಿ ಕೆಟ್ಟದ್ದಲ್ಲ. ಆದರೆ ಒಟ್ಟಿಗೆ ನೋಡಿದರೆ ನಮ್ಮ ರಾತ್ರಿ 8 ಗಂಟೆಯ ಸೀರಿಯಲ್ಲಿಗೆ ಹಳೇ ಕಾಲದ ಬಟ್ಟೆ ಹಾಕಿದ ಹಾಗೆ. ಕೊನೆಯ ಕಂತಿನ ಕೊನೆಯಲ್ಲಂತೂ ಒಂದು ಯುದ್ಧವಿಮಾನ ಬಂದು ಡಾಕ್ಟರ ಮನೆ ಮೇಲೆ ಬೀಳುತ್ತದೆ. ಒಳಗಿದ್ದವರಲ್ಲಿ ಯಾರು ಬದುಕಿದರು, ಯಾರು ಹೋದರು? ಗೊತ್ತಿಲ್ಲ. ಅಲ್ಲಿಗೆ ಮುಗಿಯಿತು. ಮುಂದಿನ ಸೀಸನ್ನಿನಲ್ಲಿ ಹೇಳೋಣ ಅಂತ ಇಟ್ಟುಕೊಂಡಿದ್ದರು, 2016ರ ಮೇಯಲ್ಲಿ ಚಾನೆಲ್ ಸೀರಿಯಲ್ಲನ್ನೇ ನಿಲ್ಲಿಸಿತು. ನೋಡುವವರು ಸಹಿ ಸಂಗ್ರಹ ಮಾಡಿದರೂ ಕೇಳಲಿಲ್ಲ. ಬರೆದ ಸೈಮನ್ ಬ್ಲಾಕ್ ಮುಂದಿನ ಕಥೆಯನ್ನು ಕಾದಂಬರಿಗಳಾಗಿ ಬರೆದಿದ್ದಾರೆ. ಅದು ಓದುವವರಿಗಾಯಿತು. ಅವ್ವನಿಗೆ ನಾನು ಏನು ಹೇಳಲಿ? “ದುಡ್ಡು ಕೊಟ್ಟು ತಗೊಂಡ ಡಿಸ್ಕಿನಾಗ ಅರ್ಧ ಕಥಿ ಇಟ್ಟು ಕಳಿಸ್ಯಾರ” ಅಂತ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಬೈದಳು. ಪಾಪ, ಅವನದೇನು ತಪ್ಪು.

ನನ್ನ ತಕರಾರು ಕಥೆ ಅರ್ಧಕ್ಕೆ ನಿಂತದ್ದಕ್ಕಲ್ಲ. ವಿಮಾನ ಬೀಳಿಸಬೇಕು ಅನ್ನಿಸಿತಲ್ಲ, ಅದಕ್ಕೆ. ಮನೆಯ ಕಥೆ ಹೇಳುತ್ತೇವೆ ಅಂತ ಹೊರಟವರಿಗೆ ಮನೆಯ ಮೇಲೇ ನಂಬಿಕೆ ಹೋದರೆ ಹೀಗಾಗುತ್ತದೆ.

ನಂಬಿಕೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ಸತ್ಯಜಿತ್ ರಾಯ್ ಅವರ ‘ಅಶನಿ ಸಂಕೇತ’ ನೋಡಿ. 1973ರ ಬಂಗಾಳಿ ಸಿನಿಮಾ, ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಗೆದ್ದದ್ದು. ಅದೇ ಯುದ್ಧ, ಆದರೆ 1943ರ ಬಂಗಾಳದ ಹಳ್ಳಿ. ಬಾಂಬಿಲ್ಲ, ಸೈನ್ಯವಿಲ್ಲ. ಯಾರು ಯಾರ ಮೇಲೆ ಯುದ್ಧ ಮಾಡುತ್ತಿದ್ದಾರೆ ಅನ್ನುವುದೇ ಊರಿನವರಿಗೆ ಸರಿಯಾಗಿ ಗೊತ್ತಿಲ್ಲ. ಆಗೊಮ್ಮೆ ಈಗೊಮ್ಮೆ ತಲೆ ಮೇಲೆ ವಿಮಾನ ಹಾರುತ್ತದೆ, ಅಷ್ಟೇ. ಒಂದೂ ಬೀಳುವುದಿಲ್ಲ. ಏರುವುದು ಅಕ್ಕಿಯ ಬೆಲೆ. ಮೊದಲು ಬೆಲೆ ಏರುತ್ತದೆ, ಆಮೇಲೆ ಅಕ್ಕಿಯೇ ಇಲ್ಲ, ಆಮೇಲೆ ಗೆಡ್ಡೆ ಗೆಣಸು ಅಗೆಯಲು ಕಾಡಿಗೆ. ಸುತ್ತ ಹಸಿರು ಹಾಗೇ ಇರುತ್ತದೆ, ಜನ ಸಾಯುತ್ತಿರುತ್ತಾರೆ. ಆ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ. ಹೋಮ್ ಫೈರ್ಸ್ ನೋಡಿದ ಬೆನ್ನಿಗೇ ಇದನ್ನು ನೋಡಿದರೆ ಆ 340 ಗ್ರಾಂ ಸಕ್ಕರೆ ಇನ್ನೊಂದು ಥರ ಕಾಣುತ್ತದೆ. ಅಲ್ಲಿ ಕಷ್ಟ ಇತ್ತು, ಸುಳ್ಳಲ್ಲ. ಆದರೆ ಅಲ್ಲಿ ಕಡಿಮೆಯಾದರೂ ಎಲ್ಲರಿಗೂ ಸಿಗುವ ಹಾಗೆ ಹಂಚಿದರು. ಅದೇ ಸರ್ಕಾರ ಆಳುತ್ತಿದ್ದ ಬಂಗಾಳದ ಹಳ್ಳಿಗಳಿಗೆ ಆ ರೇಷನ್ ಪುಸ್ತಕವೂ ಬರಲಿಲ್ಲ, ಅಕ್ಕಿಯೂ ಬರಲಿಲ್ಲ. ಆ ಯುದ್ಧದಲ್ಲಿ 25 ಲಕ್ಷ ಇಂಡಿಯನ್ ಸೈನಿಕರಿದ್ದರು, ಗ್ರೇಟ್ ಪ್ಯಾಕ್ಸ್‌ಫರ್ಡಿನ ಕಥೆಗೆ ಅವರು ಲೆಕ್ಕಕ್ಕೇ ಇಲ್ಲ.

ಇದೇ ಜಾತಿಯ ಬೇರೆ ಸೀರಿಯಲ್ ಬೇಕು ಅನ್ನುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ‘ಎ ಫ್ಯಾಮಿಲಿ ಅಟ್ ವಾರ್’, ಗ್ರನಾಡಾ ಕಂಪನಿ 1970ರಿಂದ 72ರವರೆಗೆ ಮಾಡಿದ್ದು, 52 ಕಂತು, ಲಿವರ್‌ಪೂಲಿನ ಆಶ್ಟನ್ ಕುಟುಂಬ. ಸೆಟ್ಟುಗಳು ಅಲುಗಾಡುತ್ತವೇನೋ ಅನ್ನಿಸುತ್ತದೆ, ನಿಧಾನ, ಮಧ್ಯದಲ್ಲಿ ಕೆಲವು ಕಂತು ಕಪ್ಪು ಬಿಳುಪು. ಟಿವಿ ಕೆಟ್ಟಿದೆ ಅಂದುಕೊಳ್ಳಬೇಡಿ. ಆಗ ಕಲರ್ ಕ್ಯಾಮೆರಾ ಕೆಲಸಕ್ಕೆ ಜಾಸ್ತಿ ಸಂಬಳ ಕೊಡಿ ಅಂತ ಟೆಕ್ನಿಷಿಯನ್ನರು ಮುಷ್ಕರ ಹೂಡಿದ್ದರು. ಆದರೆ ಊಟದ ಮೇಜಿನ ಸುತ್ತ ನಡೆಯುವ ಮಾತು ಇದ್ದರೆ ಹೀಗಿರಬೇಕು, ನನ್ನ ಪ್ರಕಾರ ಹೋಮ್ ಫೈರ್ಸ್‌ಗಿಂತ ಒಂದು ಕೈ ಮೇಲು. ಆಸ್ಟ್ರೇಲಿಯಾದ ‘ದಿ ಸಲಿವನ್ಸ್’ 1,114 ಕಂತು ಇದೆ. ರಿಟೈರ್ ಆದ ಮೇಲೆ ನೋಡೋಣ. ಕೆನಡಾದ ‘ಬಾಂಬ್ ಗರ್ಲ್ಸ್’ ಮದ್ದುಗುಂಡು ಕಾರ್ಖಾನೆ ಹೆಣ್ಣುಮಕ್ಕಳ ಕಥೆ, ಚುರುಕಾಗಿದೆ, ಅದನ್ನೂ ಎರಡೇ ಸೀಸನ್ನಿಗೆ ನಿಲ್ಲಿಸಿದರು. ಆದರೆ ಅವರು ಆಮೇಲೆ ಒಂದು ಟಿವಿ ಸಿನಿಮಾ ಮಾಡಿ ಕಥೆ ಮುಗಿಸುವ ಮರ್ಯಾದೆ ತೋರಿಸಿದರು.

ಇದನ್ನೆಲ್ಲ ನೋಡುವಾಗ ನನಗೆ ಹೊಟ್ಟೆ ಉರಿಯುವುದು ಒಂದೇ ಕಾರಣಕ್ಕೆ. ನಮ್ಮ ಕಡೆ ಇಂಥ ಕಥೆಗೆ ಬರವಿಲ್ಲ, ಮಾಡುವವರಿಲ್ಲ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆ ದಾಟಿದರೆ ನಿಜಾಮನ ಹೈದರಾಬಾದ್. ಕಂಪ್ಲಿ ಈ ಕಡೆ, ಗಂಗಾವತಿ ಆ ಕಡೆ, ಮಧ್ಯೆ ತುಂಗಭದ್ರೆ. ಇಲ್ಲಿ ಇಂಗ್ಲಿಷರ ದುಡ್ಡು, ಅಲ್ಲಿ ನಿಜಾಮನ ಹಾಲಿ ಸಿಕ್ಕ. ಹೆಣ್ಣು ಕೊಡುವುದು ತರುವುದು ಮಾತ್ರ ಎರಡೂ ದಡದ ನಡುವೆ ನಡೆದೇ ಇತ್ತು. ಯುದ್ಧದಲ್ಲಿ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಕಾಳು ಸಾಗಿಸುವುದಕ್ಕೆ ತಡೆ ಬಂತು. ಈಗ ಹೇಳಿ, ಕಂಪ್ಲಿಯ ತವರಿನವರು ಗಂಗಾವತಿಯ ಬಾಣಂತಿ ಮಗಳಿಗೆ ಒಂದು ಚೀಲ ಜೋಳ ಕಳಿಸಬೇಕಾದರೆ ಹರಿಗೋಲಿನವನಿಗೆ ಏನು ಹೇಳಬೇಕು, ಚೌಕಿಯವನಿಗೆ ಏನು ಕೊಡಬೇಕು? ಒಂದು ಸೀಸನ್ನಿಗೆ ಇಷ್ಟೇ ಸಾಕು. ವಿಮಾನ ಬೇಡ.

ತೂತು ಕಾಸು ಗೊತ್ತಲ್ವಾ? ಅದು ಬಂದದ್ದು 1943ರಲ್ಲಿ, ಯುದ್ಧಕ್ಕೆ ಲೋಹ ಉಳಿಸಲು ನಡುವೆ ತೂತು ಹೊಡೆದು ಕೊಟ್ಟರು. ನಮ್ಮ ಅಜ್ಜಿ ಅವುಗಳನ್ನು ದಾರಕ್ಕೆ ಪೋಣಿಸಿ ಕಂಬದ ಮೊಳೆಗೆ ನೇತು ಹಾಕುತ್ತಿದ್ದಳಂತೆ, ಎಷ್ಟು ಉಳಿದಿದೆ ಅಂತ ಎಣಿಸುವುದೂ ಸುಲಭ, ಅಜ್ಜ ಗೊತ್ತಾಗದ ಹಾಗೆ ಒಂದು ತೆಗೆಯುವುದು ಕಷ್ಟ. ನಾವು ಈಗ ಸಾಲಿನಲ್ಲಿ ನಿಲ್ಲುವ ನ್ಯಾಯಬೆಲೆ ಅಂಗಡಿಯ ಬೇರೂ ಆ ಯುದ್ಧದಲ್ಲೇ ಇದೆ. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ರೇಷನ್ ತನ್ನಿ ಅಂತ ಸರ್ಕಾರದ ಸಮಿತಿ ಹೇಳಿದ್ದು 1943ರಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ, 1945ರ ಫೆಬ್ರುವರಿ 28ರಂದು ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಹಾಕಿದರು, ಈ ದಡದಲ್ಲಿ ಮದ್ರಾಸಿನವರು, ಆ ದಡದಲ್ಲಿ ಹೈದರಾಬಾದಿನವರು. ಕೊನೇ ಕಂತಿಗೆ ಇದಕ್ಕಿಂತ ಏನು ಬೇಕು? ಯಾರ ಹೊಲ ಮುಳುಗುತ್ತದೆ, ಯಾರ ಹೊಲಕ್ಕೆ ನೀರು ಬರುತ್ತದೆ ಅಂತ ಎರಡೂ ಕಡೆಯ ಬೀಗರು ಜಗಳ ಆಡುತ್ತಾ ಕೂತಿರಲಿ. ಬಳ್ಳಾರಿ ರಾಘವ ಅವರ ಊರು ನಮ್ಮದು, ನಾಟಕದವರಿಗೆ ಕೊರತೆಯಿಲ್ಲ. ರಾಘವ ಕಲಾಮಂದಿರದಲ್ಲಿ ಯಾರಾದರೂ ಆಡಿದರೆ ಮೊದಲ ಸಾಲಿನ ಟಿಕೆಟ್ ನನಗೆ ಮತ್ತು ಅವ್ವನಿಗೆ.

ಸರಿ, ಹೋಮ್ ಫೈರ್ಸ್ ತಗೊಳ್ಳಬೇಕಾ? ಮೊದಲ ಸೀಸನ್ ಒಂದೇ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ಐದಕ್ಕೆ ನಾಲ್ಕು ಕೊಡುತ್ತೇನೆ. ಎರಡೂ ಸೇರಿದ ಸೆಟ್‌ಗೆ ಮೂರೇ. ಎರಡನೆಯದನ್ನು ಪ್ಯಾಟ್ ಮತ್ತು ಮಿರಿಯಮ್‌ಗೋಸ್ಕರ ನೋಡಬಹುದು, ಕೊನೇ ಕಂತಿನ ಕೊನೇ ಐದು ನಿಮಿಷ ಇರುವಾಗ ಸ್ಟಾಪ್ ಒತ್ತಿಬಿಡಿ, ಕಥೆ ಒಂದು ಥರ ಮುಗಿದ ಹಾಗೇ ಇರುತ್ತದೆ. ಮನೆಯಲ್ಲಿ ಹಿರಿಯರ ಜೊತೆ ನೋಡುವವರು ಪ್ಯಾಟ್ ಗಂಡ ಹೊಡೆಯುವ ದೃಶ್ಯಗಳಿವೆ ಅಂತ ಮೊದಲೇ ಹೇಳಿಬಿಡಿ. ನಮ್ಮವ್ವ ಅವನನ್ನು ಬೈದ ಬೈಗುಳಕ್ಕೆ ಪಕ್ಕದ ಮನೆಯವರು ಏನಾಯಿತು ಅಂತ ಬಂದು ಕೇಳಿದ್ದರು.